ಮರದ ತುಂಡುಗಳ ಪಾಠ

ಅಕ್ಷರಾಭ್ಯಾಸಕ್ಕೆ ಮುನ್ನವೇ ಶಿಶುವಿನ ಬೆರಳುಗಳು ಲೋಕವನ್ನು ಓದತೊಡಗಿರುತ್ತವೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಹಳ್ಳಿಗಳಲ್ಲಿ ಬಡಿಗನ ಮನೆಯ ಮುಂದೆ ತುಸು ಹೊತ್ತು ನಿಂತವರಿಗೆ ಈ ಮಾತು ಮನದಟ್ಟಾದೀತು. ತಂದೆ ಬಾಗಿಲಿನ ಚೌಕಟ್ಟನ್ನು ಕೊಯ್ಯುತ್ತಿದ್ದರೆ, ಮೂರು ವರ್ಷದ ಮಗು ಉಳಿದ ತುಂಡುಗಳನ್ನು ಆಯ್ದು ಒಂದರ ಮೇಲೊಂದು ಏರಿಸುತ್ತಿರುತ್ತದೆ. ಕಿರಿದರ ಮೇಲೆ ಹಿರಿದನ್ನಿಟ್ಟೊಡನೆ ಗೋಪುರ ಉರುಳುತ್ತದೆ. ಮಗು ಬೇಸರಿಸದೆ ಮತ್ತೆ ಜೋಡಿಸುತ್ತದೆ. ನಾಲ್ಕನೆಯ ಸಲ ಅಗಲವಾದ ತುಂಡು ತಾನಾಗಿಯೇ ಅಡಿಗೆ ಬರುತ್ತದೆ. ಭಾರವೆಂದರೇನು, ಸಮತೋಲವೆಂದರೇನು ಎಂಬುದನ್ನು ಯಾರೂ ಹೇಳಿಕೊಡಲಿಲ್ಲ. ಬಿದ್ದ ಗೋಪುರವೇ ಹೇಳಿಕೊಟ್ಟಿತು.

ಈ ಸಹಜಪ್ರವೃತ್ತಿಯನ್ನು ಶಿಕ್ಷಣಕ್ರಮಕ್ಕೆ ಅಳವಡಿಸಿದವರಲ್ಲಿ 1837ರಲ್ಲಿ ಜರ್ಮನಿಯಲ್ಲಿ ಶಿಶುಶಾಲೆಯನ್ನು ತೆರೆದ ಫ್ರೋಬೆಲ್ ಅಗ್ರಗಣ್ಯನು. ಎಂಟು ಚಿಕ್ಕ ಘನಗಳು ಕೂಡಿ ಒಂದು ದೊಡ್ಡ ಘನವಾಗುವ ಆಟಿಕೆಯನ್ನು ಅವನು ರೂಪಿಸಿದನು. ಅದನ್ನು ಬಿಡಿಸಿ ಕೂಡಿಸುವ ಮಗುವಿಗೆ ಇಡಿ, ಅರೆ, ಕಾಲುಗಳು ಕೈಗೆ ದಕ್ಕುತ್ತವೆ. ಗಣಿತ ಅನಂತರ ಬರುತ್ತದೆ. 1907ರಲ್ಲಿ ರೋಮಿನಲ್ಲಿ ಶಿಶುಗೃಹವನ್ನು ಆರಂಭಿಸಿದ ಮಾಂಟೆಸ್ಸೋರಿಯವರು ಒಂದರಿಂದ ಹತ್ತು ಸೆಂಟಿಮೀಟರಿನವರೆಗಿನ ಹತ್ತು ಘನಗಳ ಗೋಪುರವನ್ನು ಮಕ್ಕಳ ಮುಂದಿಟ್ಟರು.

ನಮ್ಮ ನಾಡಿಗೂ ಈ ವಿದ್ಯೆ ಹೊಸತಲ್ಲ. ಲಗೋರಿಯ ಚಪ್ಪಟೆ ಕಲ್ಲುಗಳನ್ನು ದೊಡ್ಡದು ಕೆಳಗೆ, ಚಿಕ್ಕದು ಮೇಲೆ ಎಂದು ಒಟ್ಟುವ ಹುಡುಗರು ಅದೇ ಪಾಠವನ್ನು ಬಯಲಿನಲ್ಲಿ ಕಲಿಯುತ್ತಾರೆ. ಹಾನಗಲ್ಲಿನ ತಾರಕೇಶ್ವರ ದೇವಾಲಯದ ಮಂಟಪದಲ್ಲಿ ತಲೆಯೆತ್ತಿ ನೋಡಿದರೆ, ಸುತ್ತುಸುತ್ತಾಗಿ ಒಳಸರಿದ ಕಲ್ಲುಗಳು ನಡುವಣ ಕಮಲವನ್ನು ಎತ್ತಿಹಿಡಿದಿರುವುದು ಕಾಣುತ್ತದೆ. ಕಲ್ಲಿಗೆ ಕಲ್ಲೇ ಆಸರೆಯಾದ ಆ ಸ್ಥಪತಿಗಳ ಕೌಶಲಕ್ಕೂ ಶಿಶುವಿನ ಗೋಪುರಕ್ಕೂ ನಿಯಮ ಒಂದೇ.

ಆದರೆ ಹಿರಿಯರಿಗೆ ತಾಳ್ಮೆ ಸಾಲದು. ಗೋಪುರ ವಾಲಿದೊಡನೆ ನೆಟ್ಟಗೆ ಮಾಡಲು ಕೈ ಮುಂದಾಗುತ್ತದೆ. ಮಗು ತಾನೇ ಕಂಡುಕೊಳ್ಳಬೇಕಾದುದು ಅಲ್ಲಿಗೇ ನಿಲ್ಲುತ್ತದೆ. ಇನ್ನೂ ಖೇದಕರವಾದುದೆಂದರೆ, ಎಷ್ಟೋ ಶಿಶುವಿಹಾರಗಳಲ್ಲಿ ದಾನಿಗಳು ಪ್ರೀತಿಯಿಂದ ಕೊಟ್ಟ ಆಟಿಕೆಗಳು, ಬಣ್ಣ ಮಾಸೀತೆಂಬ ಭಯದಿಂದ ಬೀಗ ಹಾಕಿದ ಕಪಾಟಿನಲ್ಲಿರುತ್ತವೆ. ಅತಿಥಿಗಳು ಬಂದ ದಿನ ಹೊರಬಂದು, ಸಂಜೆಗೆ ಮರಳಿ ಒಳಸೇರುತ್ತವೆ. ಮಾಸದ ಆಟಿಕೆ ದಾನಿಗೆ ಗೌರವ ತಾರದು. ಮಕ್ಕಳ ಕೈಯಲ್ಲಿ ಸವೆದ ಆಟಿಕೆಯೇ ಸಾರ್ಥಕ ದಾನ.

ಬೆಲೆಬಾಳುವ ಸಾಮಗ್ರಿಯೇ ಬೇಕೆಂದೇನೂ ಇಲ್ಲ. ಬಡಿಗನಲ್ಲಿ ಉಳಿದ ತುಂಡುಗಳನ್ನು ಬೇರೆಬೇರೆ ಅಳತೆಗೆ ಕೊಯ್ಯಿಸಿ, ಸಿಬರು ಚುಚ್ಚದಂತೆ, ನುಂಗಲಾಗದಷ್ಟು ದೊಡ್ಡದಾಗಿ ಮಾಡಿಸಿಕೊಟ್ಟರೆ ಸಾಕು. ಉಳಿದ ಪಾಠವನ್ನು ಮರದ ತುಂಡುಗಳೇ ಮಾಡುತ್ತವೆ. ಗುರುವಾದವನು ಪಕ್ಕದಲ್ಲಿ ಕುಳಿತು, ಗೋಪುರ ಬೀಳುವುದನ್ನು ಸಹಿಸುವುದನ್ನು ಕಲಿಯಬೇಕು.