ಬೆಕ್ಕಿಗೊಂದು ರೊಟ್ಟಿಯಗಲದ ದಾರಿ

ಆಳಂದದ ನಮ್ಮ ಮನೆಯ ಹಿತ್ತಲ ಬಾಗಿಲು ಗಾಜಿನದು. ಬೆಳಿಗ್ಗೆ ಎದ್ದು ಪರದೆ ಸರಿಸಿದರೆ ಆ ಗಾಜಿನ ಹೊರಮೈ ಮೇಲೆ, ನೆಲದಿಂದ ಒಂದೂವರೆ ಗೇಣು ಎತ್ತರದಲ್ಲಿ, ಎರೆಮಣ್ಣಿನ ಪುಟ್ಟ ಗುರುತುಗಳು ಕಾಣುತ್ತಿದ್ದವು. ಒಂದು ದೊಡ್ಡ ಚುಕ್ಕೆ, ಅದರ ಮೇಲೆ ನಾಲ್ಕು ಸಣ್ಣ ಚುಕ್ಕೆ. ರಾತ್ರಿಯೆಲ್ಲ ಯಾರೋ ಹೊರಗೆ ನಿಂತು ಅರ್ಜಿ ಬರೆದ ಹಾಗೆ. ಒರೆಸಿದರೆ ಮರುದಿನ ಅದೇ ಜಾಗದಲ್ಲಿ ಅದೇ ಅರ್ಜಿ. ಮೂರು ವಾರ ಒರೆಸಿದೆ. ಆಮೇಲೊಂದು ದಿನ ಒರೆಸುವ ಬಟ್ಟೆ ಕೆಳಗಿಟ್ಟು, ಈ ಬಾಗಿಲಿಗೊಂದು ಬೆಕ್ಕಿನ ಕಿಂಡಿ ಮಾಡಿಸಲೇಬೇಕು ಅಂತ ಗಟ್ಟಿ ಮಾಡಿಕೊಂಡೆ.

ಆ ಬೆಕ್ಕು ಈ ಮನೆಗೆ ನಮಗಿಂತ ಮೊದಲು ಬಂದದ್ದು. ಬುನಾದಿ ತೆಗೆಯುವಾಗ ಉಸುಕಿನ ಗುಡ್ಡೆಯ ಮೇಲೆ ಮಲಗುತ್ತಿತ್ತು. ಗೋಡೆ ಎದ್ದ ಮೇಲೆ ನೆರಳು ಎತ್ತ ಸರಿದರೆ ಅತ್ತ ಸರಿಯುತ್ತಿತ್ತು. ಹಿತ್ತಲ ಮೆಟ್ಟಿಲಿಗೆ ಸಿಮೆಂಟು ಬಳಿದ ಸಂಜೆ, ಆ ಹಸಿಯ ಮೇಲೆ ಐದು ಹೆಜ್ಜೆ ಇಟ್ಟು ಒಳಗೆ ಹೋಯಿತು. ಗೌಂಡಿ ಅಳಿಸಲು ಕೈ ಹಾಕಿದಾಗ ಅವ್ವ ತಡೆದಳು: “ಇರ್ಲಿ ಬಿಡಪಾ, ಲಕ್ಷ್ಮೀ ಹೆಜ್ಜಿ ಇದ್ದಂಗ ಅದಾವ.” ಆ ಐದು ಹೆಜ್ಜೆ ಈಗಲೂ ಮೆಟ್ಟಿಲ ಮೇಲೆ ಇವೆ.

ಅದರ ಹೆಸರು ಮನಿ. ಹೆಸರಿಟ್ಟವರು ನಮ್ಮ ಓಣಿಯ ಮಕ್ಕಳು. ಆಳಂದ ಅಂದರೆ ಮಹಾರಾಷ್ಟ್ರದ ಗಡಿ. ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಓಡಾಡುತ್ತವೆ. ಮರಾಠಿ ಮನೆಗಳಲ್ಲಿ ಹೆಣ್ಣು ಬೆಕ್ಕನ್ನು ‘ಮನಿ’ ಅಂತ ಮುದ್ದಿನಿಂದ ಕರೆಯುತ್ತಾರೆ, ‘ಮನೀಮಾವು’ ಅಂತಲೂ ಅನ್ನುತ್ತಾರೆ. ನಮ್ಮ ಕಲಬುರಗಿ ಕಡೆಯ ಬಾಯಿಮಾತಿನಲ್ಲಿ ಮನಿ ಅಂದರೆ ಮನೆ. ಗಡಿಯ ಆಚೆಗೆ ಬೆಕ್ಕು, ಈಚೆಗೆ ಮನೆ. ಒಂದೇ ಶಬ್ದದೊಳಗೆ ಎರಡೂ ಇರುವ ಊರಿನಲ್ಲಿ, ಮನಿಯನ್ನು ಹೊರಗಿಟ್ಟು ಮನಿಯ ಬಾಗಿಲು ಹಾಕಿಕೊಳ್ಳುವುದು ನನಗೆ ಸರಿಬರಲಿಲ್ಲ.

ಹಾಗಂತ ಗಾಜಿನ ಬಾಗಿಲನ್ನು ದೂರುವುದಿಲ್ಲ. ಅಡಿಗೆಮನೆಗೆ ಬೆಳಕು ಬೇಕಿತ್ತು. ನಮ್ಮ ಬೇಸಿಗೆಯ ಧಗೆ, ತೊಗರಿ ರಾಶಿಯ ಹೊತ್ತಿನ ಹೊಟ್ಟು, ಸಂಜೆಯ ಸೊಳ್ಳೆ ಒಳಗೆ ಬರಬಾರದಿತ್ತು. ಗಾಜು ಆ ಕೆಲಸವನ್ನು ಚೆನ್ನಾಗಿಯೇ ಮಾಡಿತು. ಆದರೆ ಬಿಸಿಗಾಳಿ ತಡೆಯುವ ಬಾಗಿಲು ಬೆಕ್ಕನ್ನೂ ತಡೆಯುತ್ತದೆ ಅನ್ನುವುದು ಮನೆ ಕಟ್ಟಿಸುವಾಗ ಹೊಳೆಯಲಿಲ್ಲ. ಹೊಳೆಯದಿರುವುದಕ್ಕೂ ಕಾರಣವಿದೆ. ನಾನು ಬೆಳೆದ ಮನೆಯಲ್ಲಿ ಬೆಕ್ಕಿಗೆ ದಾರಿ ಮಾಡಿಕೊಡಬೇಕಾದ ಪ್ರಸಂಗವೇ ಇರಲಿಲ್ಲ.

ನನ್ನ ತವರು ಜೇವರ್ಗಿ. ಅಕ್ಕನನ್ನು ಕೊಟ್ಟದ್ದು ಅಫಜಲಪುರಕ್ಕೆ, ನನ್ನನ್ನು ಆಳಂದಕ್ಕೆ. ಮೂರು ತಾಲ್ಲೂಕಿಗೂ ನೀರಿನ ನಂಟಿದೆ. ಆಳಂದದ ಕಡೆಯಿಂದ ಹರಿಯುವ ಅಮರ್ಜಾ, ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಹತ್ತಿರ ಭೀಮೆಯನ್ನು ಕೂಡುತ್ತದೆ. ಆ ಭೀಮೆ ಮುಂದೆ ಜೇವರ್ಗಿ ಸೀಮೆಗೆ ಹೋಗುತ್ತದೆ. ನಮ್ಮ ಹಿತ್ತಲ ಹಳ್ಳದ ನೀರು ಎಂದಾದರೊಂದು ದಿನ ತವರಿನ ದಾರಿ ಹಿಡಿಯುತ್ತದೆ ಅಂದುಕೊಂಡರೆ ಈಗಲೂ ಸಮಾಧಾನವಾಗುತ್ತದೆ.

ಜೇವರ್ಗಿಯ ಮನೆ ಮಣ್ಣಿನ ಮಾಳಿಗೆಯದು. ಮೊಳಕ್ಕೂ ಮೀರಿದ ದಪ್ಪ ಗೋಡೆ, ತೊಲೆ, ಜಂತಿ, ಅವುಗಳ ಮೇಲೆ ಮಣ್ಣು, ನೆಲಕ್ಕೆ ಶಹಾಬಾದ ಫರಸಿ. ಅಡಿಗೆಮನೆಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಒಲೆಯ ಹೊಗೆ ಅದರಿಂದಲೇ ಹೊರಗೆ ಹೋಗಬೇಕು, ಬಿಸಿಲು ಅದರಿಂದಲೇ ಒಳಗೆ ಬರಬೇಕು, ಬೆಕ್ಕೂ ಅದರಿಂದಲೇ ಇಳಿಯಬೇಕು. ಮಾಳಿಗೆಯಿಂದ ಜಂತಿಗೆ, ಜಂತಿಯಿಂದ ಗೋಡೆಯ ಮಾಡಕ್ಕೆ, ಮಾಡದಿಂದ ಜೋಳದ ಚೀಲಕ್ಕೆ, ಅಲ್ಲಿಂದ ನೆಲಕ್ಕೆ. ಹಾಲು ಮೊಸರಿನ ಗಡಿಗೆ ಮಾತ್ರ ನೆಲುವಿನಲ್ಲಿ ತೂಗುತ್ತಿತ್ತು. ಆ ನೆಲುವು ಒಂದು ಒಪ್ಪಂದ. ಮನೆಗೆಲ್ಲ ನೀನು ಬಾ, ಇಲಿ ಹಿಡಿ, ಚೀಲದ ಮೇಲೆ ಮಲಗು, ಇದೊಂದು ಗಡಿಗೆ ಮಾತ್ರ ನಮ್ಮದು. ಆದ್ದರಿಂದಲೇ ಯಾರೂ ಬೆಳಕಿಂಡಿ ಮುಚ್ಚಿ ಬೆಕ್ಕನ್ನು ತಡೆಯಲಿಲ್ಲ.

ಅಫಜಲಪುರದ ಅಕ್ಕನ ಮನೆಯಲ್ಲಿ ಬೇರೆ ರೀತಿ. ಅವರ ಅಂಗಳದಲ್ಲಿ ಹಗೇವು ಇತ್ತು. ನೆಲದೊಳಗೆ ತೋಡಿದ ಆ ಕಣಜದಲ್ಲಿ ಜೋಳ ತುಂಬಿ ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಹಗೇವು ಹಾಳುಬಿದ್ದ ಮೇಲೆ ಕಾಳು ಚೀಲಗಳಲ್ಲಿ ಕೋಣೆಗೆ ಬಂತು, ಕಾಳಿನ ಹಿಂದೆ ಇಲಿ ಬಂತು. ಆಗ ಅಕ್ಕನ ಮಾವನವರು ಬಡಿಗನನ್ನು ಕರೆಸಿ ಕಾಳಿನ ಕೋಣೆಯ ಬಾಗಿಲ ಕೆಳಮೂಲೆಯಲ್ಲಿ ಬೆಕ್ಕು ನುಸುಳುವಷ್ಟು ಕೊರೆಸಿದರು. ಕದಕ್ಕೆ ಕೀಲಿ, ಬೆಕ್ಕಿಗೆ ದಾರಿ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ಎರಡೂ ತಾಲ್ಲೂಕಿನ ಹೊಳೆದಂಡೆಯ ಊರುಗಳು ನೀರಿನಲ್ಲಿ ನಿಂತಾಗ ಅಕ್ಕನಿಗೆ ಫೋನು ಹಚ್ಚಿದ್ದೆ. ಮನೆಯವರ ಸುದ್ದಿಯೆಲ್ಲ ಹೇಳಿ ಕೊನೆಗೆ ಅಂದಳು: “ಕೋಣಿ ಬಾಗಿಲಕ್ಕ ಕಂಡಿ ಐತಲ್ಲ, ಬೆಕ್ಕಿನ ಚಿಂತಿ ಇಲ್ಲ.” ಅವಸರದಲ್ಲಿ ಎಲ್ಲ ಬಾಗಿಲು ಹಾಕಿ ಹೊರಡುವ ಹೊತ್ತಿನಲ್ಲಿ ಒಂದು ಜೀವ ಒಳಗೆ ಸಿಕ್ಕಿಕೊಳ್ಳಲಾರದು ಅನ್ನುವ ಭರವಸೆಯನ್ನು ಒಂದು ತೂತು ಕೊಟ್ಟಿತ್ತು.

ಈ ತೂತಿನ ಬುದ್ಧಿ ನಮ್ಮದೊಂದೇ ಅಲ್ಲ. ಇಂಗ್ಲೆಂಡಿನ ಎಕ್ಸಿಟರ್ ಊರಿನ ದೊಡ್ಡ ಚರ್ಚಿನಲ್ಲಿ ಹಳೆಯ ಗಡಿಯಾರವೊಂದಿದೆ. ಅದರ ಕೆಳಗಿನ ಬಾಗಿಲಲ್ಲಿ ದುಂಡನೆಯ ಬೆಕ್ಕಿನ ಕಿಂಡಿ ಇವತ್ತಿಗೂ ಇದೆ. ಗಡಿಯಾರದ ಹಗ್ಗಗಳಿಗೆ ಕೊಬ್ಬು ಸವರುತ್ತಿದ್ದರಂತೆ, ಅದನ್ನು ಕಡಿಯಲು ಇಲಿಗಳು ಬರುತ್ತಿದ್ದವಂತೆ. 1598ರಲ್ಲಿ ಬಿಷಪ್ ಆದ ವಿಲಿಯಂ ಕಾಟನ್ ಕಾಲದಲ್ಲಿ ಆ ಕಿಂಡಿ ಕೊರೆಯಲು ಬಡಿಗರಿಗೆ 8 ಪೆನ್ನಿ ಕೊಟ್ಟರು ಅನ್ನುತ್ತಾರೆ. ಅದಕ್ಕೂ ಹಿಂದೆ, 14 ಮತ್ತು 15ನೆಯ ಶತಮಾನದಲ್ಲಿ, ಅದೇ ಚರ್ಚಿನ ಲೆಕ್ಕದ ಪುಸ್ತಕದಲ್ಲಿ ಬೆಕ್ಕಿನ ಹೆಸರಿಗೆ ಮೂರು ತಿಂಗಳಿಗೆ 13 ಪೆನ್ನಿಯ ಖರ್ಚು ಬರೆದಿದೆ. ವಾರಕ್ಕೊಂದು ಪೆನ್ನಿ. ಅಕ್ಕನ ಮಾವನವರು ಎಕ್ಸಿಟರ್ ಹೆಸರು ಕೇಳಿದವರಲ್ಲ. ಕಾಳು ಕಾಯಬೇಕಾದವರಿಗೂ ಹಗ್ಗ ಕಾಯಬೇಕಾದವರಿಗೂ ಹೊಳೆದದ್ದು ಒಂದೇ ಉಪಾಯ.

ಅವರೆಲ್ಲರದು ಮರದ ಬಾಗಿಲು. ಮರ ಯಾವಾಗ ಬೇಕಾದರೂ ಕೊರೆಸಿಕೊಳ್ಳುತ್ತದೆ. ಗಾಜು ಹಾಗಲ್ಲ ಅನ್ನುವುದನ್ನು ನನಗೆ ಕಲಿಸಿದವರು ನಮ್ಮೂರಿನ ಗಾಜಿನ ಮಿಸ್ತ್ರಿ. ಬಂದವರು ಮೊದಲು ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು, ಗಾಜಿನ ಕೆಳಮೂಲೆಯಲ್ಲಿದ್ದ ಅಕ್ಕಿಕಾಳಿನಷ್ಟು ಅಕ್ಷರದ ಮುದ್ರೆಯನ್ನು ಉಗುರಿನಿಂದ ಸವರಿ ತೋರಿಸಿದರು. ಆಮೇಲೆ ತಮ್ಮ ಪೋಲರಾಯ್ಡ್ ಕನ್ನಡಕ ನನ್ನ ಕೈಗೆ ಕೊಟ್ಟು, “ಇದು ಹಾಕ್ಕೊಂಡು ವಾರಿಯಾಗಿ ನೋಡ್ರಿ ಅಕ್ಕೋರ” ಅಂದರು. ನೋಡಿದೆ. ಏನೂ ಇಲ್ಲದ ತಿಳಿಗಾಜಿನ ತುಂಬ ಸಾಲು ಸಾಲು ಮಬ್ಬು ಚುಕ್ಕೆಗಳು.

“ಟಫನ್ ಗ್ಲಾಸ್ ಅದ ಇದು. ಇದಕ್ಕ ಡ್ರಿಲ್ ಹಚ್ಚಿದ್ರ ಕಂಡಿ ಬೀಳಂಗಿಲ್ಲ, ಬಾಗಿಲೇ ಇರಂಗಿಲ್ಲ” ಅಂದು, ಚೀಲದಿಂದ ಒಂದು ಡಬ್ಬಿ ತೆಗೆದು ಅಲ್ಲಾಡಿಸಿದರು. ಎಲ್ಲೋ ಒಡೆದ ಬಾಗಿಲಿನ ಚೂರುಗಳು. ನೋಡಲು ಥೇಟ್ ಕಲ್ಲುಸಕ್ಕರೆ.

ಅದರ ಗುಟ್ಟು ಇಷ್ಟು. ಸಾದಾ ಗಾಜನ್ನು ಭಟ್ಟಿಯಲ್ಲಿ 600 ಡಿಗ್ರಿಗೂ ಮೀರಿ ಕಾಯಿಸಿ, ಎರಡೂ ಮುಖಕ್ಕೆ ಒಮ್ಮೆಲೇ ಗಾಳಿ ಊದುತ್ತಾರೆ. ನಾನು ಕಂಡ ಚುಕ್ಕೆಗಳು ಆ ಗಾಳಿಯ ಗುರುತು. ಹೊರಮೈ ಮೊದಲು ಬಿಗಿಯುತ್ತದೆ. ಒಳಗಿನದು ನಿಧಾನ ತಣಿದು ಕುಗ್ಗುವಾಗ ಹೊರಮೈಯನ್ನು ತನ್ನತ್ತ ಎಳೆದು ಹಿಡಿಯುತ್ತದೆ. ಹೊರಗೆ ಒತ್ತಡ, ಒಳಗೆ ಎಳೆತ, ಎರಡೂ ಸರಿದೂಗಿ ನಿಂತಾಗ ಗಾಜಿಗೆ ಸಾದಾ ಗಾಜಿನ ನಾಲ್ಕು ಪಟ್ಟು ಬಲ ಬರುತ್ತದೆ. ಆ ತೂಕ ಒಂದು ಕಡೆ ತಪ್ಪಿದರೆ ಇಡೀ ಹಲಗೆ ಒಂದೇ ಏಟಿಗೆ ಕಲ್ಲುಸಕ್ಕರೆ. ಚೂರುಗಳು ಸಣ್ಣವಾಗಿ ಉದುರುವುದರಿಂದ ಮೈಗೆ ಆಳವಾದ ಗಾಯವಾಗುವುದು ಕಡಿಮೆ, ಅದಕ್ಕೇ ಬಾಗಿಲಿಗೆ ಇದನ್ನು ಹಾಕುತ್ತಾರೆ. ಸಾದಾ ಗಾಜಾದರೆ ವಜ್ರದ ಮೊನೆಯ ಕಟರ್‌ನಿಂದ ಗೀರಿ ಮನೆಯಲ್ಲೇ ತೂತು ತೆಗೆಯಬಹುದು. ಆದರೆ ಅದು ಒಡೆದರೆ ಚೂರಿಗಳಂತೆ ಒಡೆಯುತ್ತದೆ. ಮಕ್ಕಳು ಓಡಾಡುವ ಮನೆಯ ಬಾಗಿಲಿಗೆ ಅದು ಬೇಡ ಅಂದರು ಮಿಸ್ತ್ರಿ.

ಉಳಿದದ್ದು ಎರಡು ದಾರಿ. ಒಂದು, ಬಾಗಿಲನ್ನು ಅದರ ಪಾಡಿಗೆ ಬಿಟ್ಟು ಪಕ್ಕದ ಗೋಡೆಯಲ್ಲಿ ಕಿಂಡಿ ಕೂಡಿಸುವುದು. ನಮ್ಮಲ್ಲಿ ಆ ಗೋಡೆಯೊಳಗೆ ನೀರಿನ ಪೈಪು ಹೋಗಿತ್ತು. ಇನ್ನೊಂದು, ಹೊಸ ಹಲಗೆಯನ್ನು ಅಳತೆಗೆ ಕೊಯ್ದು, ತೂತು ತೆಗೆದು, ಆಮೇಲೆ ಭಟ್ಟಿಗೆ ಕಳಿಸುವುದು. ನಮ್ಮ ಬಾಗಿಲಿಗೆ ನಡುವೆ ಅಲ್ಯುಮಿನಿಯಂ ಅಡ್ಡಪಟ್ಟಿ ಇದ್ದದ್ದು ಅನುಕೂಲವಾಯಿತು, ಕೆಳಗಿನ ಅರ್ಧ ಹಲಗೆಯನ್ನಷ್ಟೇ ಬದಲಿಸಿದರೆ ಸಾಕು. “ಭಟ್ಟಿಗೆ ಹೋಗೂಕಿಂತ ಮೊದ್ಲೇ ಎಲ್ಲಾ ಹೇಳಿಬಿಡ್ಬೇಕ್ರಿ. ಬಂದ ಮ್ಯಾಲ ಒಂದು ಎಳಿನೂ ಹೆಚ್ಚುಕಮ್ಮಿ ಮಾಡ್ಲಾಕ ಬರಂಗಿಲ್ಲ” ಅಂದರು. ಮನೆ ಕಟ್ಟಿಸುತ್ತಿರುವವರಿಗೆ ನಾನು ಹೇಳುವ ಮಾತೂ ಇದೇ. ಬೆಕ್ಕಿಗೆ ದಾರಿ ಬಿಡುವುದಿದ್ದರೆ ಗಾಜಿಗೆ ಆರ್ಡರ್ ಕೊಡುವ ದಿನವೇ ಬಿಡಿ.

ತೂತು ಚೌಕ ಇರಲಿ, ನೋಡಲು ಚಂದ ಅಂದೆ. ಆಗದು ಅಂದರು. ಚೌಕಕ್ಕೆ ಮೂಲೆ ಬರುತ್ತದೆ, ಮೂಲೆಯಲ್ಲಿ ಎಲ್ಲ ಒತ್ತಡ ಬಂದು ಕೂಡುತ್ತದೆ. ಅಡಿಗೆಮನೆಯ ಕಿಟಕಿಯ ಕಡೆ ಕೈ ಮಾಡಿದರು. ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋದ ಗಿಲಾಯದ ಬಿರುಕನ್ನು ನಾನು ದಿನಾ ನೋಡುತ್ತಿದ್ದೆ, ಅರ್ಥ ತಿಳಿದದ್ದು ಅಂದೇ. ದುಂಡಗಿದ್ದರೆ ಒತ್ತಡ ಸುತ್ತಿ ಹರಿದುಹೋಗುತ್ತದೆ. ಹಾಗಾಗಿ ಗಾಜಿಗೆ ಕೂಡಿಸುವ ಕಿಂಡಿಗೆ ದುಂಡನೆಯ ತೂತು, ಸುಮಾರು 21 ಸೆಂಟಿಮೀಟರ್ ಅಗಲ.

ಅವರು ಹಳೆಯ ಪೇಪರಿನ ಮೇಲೆ ಕೈವಾರದಿಂದ ಆ ದುಂಡು ಬರೆದರು. ಅವ್ವ ಬುಟ್ಟಿಯಿಂದ ಒಂದು ಬಿಳಿಜೋಳದ ರೊಟ್ಟಿ ತಂದು ಅದರ ಮೇಲಿಟ್ಟಳು. ಅಂಚಿಗೆ ಅಂಚು ಕೂಡಿತು. “ಹಂಗಂದ್ರ ಒಂದು ರೊಟ್ಟಿಯಷ್ಟು ಅನ್ನು. ಅದಕ್ಕ ಸೆಂಟಿಮೀಟರ್ ಯಾಕ ಬೇಕು?” ಮಿಸ್ತ್ರಿ ಪೇಪರಿನ ಮೇಲೆ 21 ಅಂತ ಬರೆದು, ಪಕ್ಕದಲ್ಲಿ ‘ರೊಟ್ಟಿ’ ಅಂತಲೂ ಬರೆದುಕೊಂಡರು. ಆ ದುಂಡಿನೊಳಗೆ ಪ್ಲಾಸ್ಟಿಕ್ ಚೌಕಟ್ಟು ಕೂತ ಮೇಲೆ ಬೆಕ್ಕಿಗೆ ಉಳಿಯುವುದು ಅಂಗೈಗಿಂತ ತುಸು ದೊಡ್ಡ ಜಾಗ. ಅಷ್ಟು ಸಾಕು. ಬೆಕ್ಕಿನ ಕಾಲರ್‌ಬೋನ್ ನಮ್ಮದರಂತೆ ಭುಜಕ್ಕೆ ಬಿಗಿದುಕೊಂಡಿಲ್ಲ, ಸ್ನಾಯುಗಳಲ್ಲಿ ಸಡಿಲವಾಗಿ ತೇಲುತ್ತಿರುತ್ತದೆ. ತಲೆ ಹಿಡಿಸಿದರೆ ಮೈ ಹಿಡಿಸುತ್ತದೆ.

“ಹಾವು ಬಂದ್ರ?” ಅಂತ ಅವ್ವ ಕೇಳಿದಳು. ಎರೆಹೊಲದ ಸೀಮೆಯಲ್ಲಿ ಅದು ತಕ್ಕ ಪ್ರಶ್ನೆ. ಹಾವು, ಚೇಳು, ಹೆಗ್ಗಣ ಹೆಚ್ಚಾಗಿ ನೆಲಕ್ಕೆ ಹತ್ತಿದ ಸಂದಿಯನ್ನು ಹುಡುಕುತ್ತವೆ. ಅದಕ್ಕೆ ಮೂರು ಕಟ್ಟು ಮಾಡಿಕೊಂಡೆವು. ಕಿಂಡಿಯ ತಳ ಬೆಕ್ಕಿನ ಹೊಟ್ಟೆಯ ಮಟ್ಟಕ್ಕೆ, ನೆಲದಿಂದ ಗೇಣಿನ ಹತ್ತಿರ ಇರಬೇಕು. ಮುಚ್ಚಳಕ್ಕೆ ಅಯಸ್ಕಾಂತ ಇರಬೇಕು, ಬೆಕ್ಕು ದಾಟಿದ ಕೂಡಲೇ ಕಚ್ಚಿಕೊಳ್ಳಲಿ. ಕತ್ತಲಾದ ಮೇಲೆ ಬೆಕ್ಕು ಒಳಗೆ ಬಂದದ್ದು ನೋಡಿ ಚಿಲಕ ಹಾಕಬೇಕು, ಬೆಳಗಾದ ಮೇಲೆ ತೆಗೆಯಬೇಕು. ರಾತ್ರಿ ಬೆಕ್ಕು ಒಳಗಿದ್ದರೆ ಬೇಲಿಯ ಹಕ್ಕಿಗಳಿಗೂ ಕ್ಷೇಮ.

ಹಲಗೆ ಬರುವವರೆಗೆ ಎರಡು ವಾರ ಬೆಕ್ಕು ಪಕ್ಕದ ಮನೆಯ ಖಾಲಾ ಅವರಲ್ಲಿ ಮಲಗಿತು. ನಮ್ಮೂರಿನ ಲಾಡ್ಲೆ ಮಶಾಕರ ದರ್ಗಾಕ್ಕೆ ತಪ್ಪದೆ ಹೋಗಿಬರುವವರು ಅವರು. ಒಂದು ಸಂಜೆ ಹಳೆಯ ಕತೆಯೊಂದನ್ನು ಹೇಳಿದರು. ಪ್ರವಾದಿಯವರ ಸಂಗಡಿಗರಾದ ಅಬೂ ಕತಾದಾ ಎಂಬುವರಿಗೆ ಸೊಸೆ ಕೈಕಾಲು ತೊಳೆಯಲು ನೀರು ತಂದಿಟ್ಟಳಂತೆ. ಬೆಕ್ಕು ಬಂತು. ಅವರು ಪಾತ್ರೆಯನ್ನು ಬಾಗಿಸಿ ಅದು ಕುಡಿಯುವವರೆಗೆ ಹಿಡಿದು ನಿಂತರಂತೆ. ಸೊಸೆ ಬೆರಗಿನಿಂದ ನೋಡಿದಾಗ, ಬೆಕ್ಕು ಮೈಲಿಗೆಯಲ್ಲ, ನಿಮ್ಮ ನಡುವೆ ಸುಳಿದಾಡುವ ಜೀವಗಳಲ್ಲಿ ಅದೂ ಒಂದು ಅಂತ ಪ್ರವಾದಿಯವರು ಹೇಳಿದ್ದನ್ನು ನೆನಪಿಸಿದರಂತೆ. ಸುಳಿದಾಡುವ ಜೀವ ಅನ್ನುವ ಆ ಮಾತು ನನ್ನಲ್ಲಿ ಉಳಿದುಬಿಟ್ಟಿತು. ಬೆಕ್ಕನ್ನು ಕಟ್ಟಿಹಾಕಿ ಸಾಕುವುದಿಲ್ಲ. ಹೋಗಲು ಬಿಡಬೇಕು, ಬರಲು ಬಿಡಬೇಕು. ಜೇವರ್ಗಿಯ ಬೆಳಕಿಂಡಿ ಅದನ್ನೇ ಮಾಡುತ್ತಿತ್ತು, ಅಫಜಲಪುರದ ಬಡಿಗ ಅದನ್ನೇ ಕೊರೆದಿದ್ದ.

ಹಲಗೆ ಬಂತು, ಕಿಂಡಿ ಕೂತಿತು. ಮನಿ ಮೂರು ದಿನ ಅದರತ್ತ ಸುಳಿಯಲಿಲ್ಲ. ಮುಚ್ಚಳವನ್ನು ದಾರದಿಂದ ಮೇಲೆತ್ತಿ ಕಟ್ಟಿ, ಒಳಬದಿಯಲ್ಲಿ ಕೆನೆ ಸವರಿದ ರೊಟ್ಟಿಚೂರು ಇಟ್ಟೆವು. ನಾಲ್ಕನೆಯ ದಿನ ಅದು ಹತ್ತಿರ ಬಂದು ಚೌಕಟ್ಟಿನ ಸುತ್ತ ಮೂಸಿತು. ಕೆನ್ನೆಯನ್ನು ಎಡ ಅಂಚಿಗೊಮ್ಮೆ ಬಲ ಅಂಚಿಗೊಮ್ಮೆ ಉಜ್ಜಿ ತನ್ನ ವಾಸನೆ ಹಚ್ಚಿತು. ಮೀಸೆ ಎರಡೂ ಕಡೆ ತಾಗಿಸಿ ಅಗಲ ನೋಡಿಕೊಂಡಿತು. ಮುಂಗಾಲು ಒಂದು, ಮುಂಗಾಲು ಎರಡು, ನಡುವೆ ಒಂದು ಗಳಿಗೆ ನಿಂತು ನಮ್ಮ ಮುಖ ನೋಡಿ, ಉಳಿದ ಮೈಯನ್ನು ನೀರು ಸುರಿದ ಹಾಗೆ ಒಳಗೆ ತಂದುಕೊಂಡಿತು. ವಾರ ಕಳೆದು ದಾರ ಬಿಚ್ಚಿದೆವು. ಹಣೆಯಿಂದ ಮುಚ್ಚಳ ನೂಕುವುದನ್ನು ಅದೇ ಕಲಿತುಕೊಂಡಿತು.

ಈಗ ಗಾಜಿನ ಮೇಲೆ ಅರ್ಜಿಗಳಿಲ್ಲ. ಬೆಳಗಾದ ಮೇಲೆ ಅವ್ವ ಚಿಲಕ ತೆಗೆಯುತ್ತಾಳೆ, ಮನಿ ಹೊರಗೆ ಹೋಗುತ್ತದೆ, ಮೆಟ್ಟಿಲ ಮೇಲಿನ ತನ್ನದೇ ಐದು ಹೆಜ್ಜೆ ದಾಟಿ ಹಿತ್ತಲು ಸುತ್ತುತ್ತದೆ. ಅವ್ವ ಒಲೆಯ ಮುಂದೆ ಕೂತು ಪಟಪಟನೆ ರೊಟ್ಟಿ ಬಡಿಯುತ್ತಿರುತ್ತಾಳೆ. ಆ ಸಪ್ಪಳದ ನಡುವೆ ಬೆನ್ನ ಹಿಂದೆ ಅಯಸ್ಕಾಂತ ‘ಟಕ್’ ಅಂತ ಕಚ್ಚಿಕೊಳ್ಳುತ್ತದೆ. ಅವಳು ತಿರುಗಿ ನೋಡುವುದಿಲ್ಲ, ಕೈ ನಿಲ್ಲಿಸುವುದಿಲ್ಲ.

“ಮನಿ ಬಂತು” ಅನ್ನುತ್ತಾಳೆ.