ಅವ್ವನ ಗುಳಿಗೆ, ಲೋಕಲ್ಲಿನ ಬಾಗಿಲು

ಕಳೆದ ತಿಂಗಳು ಅವ್ವ ಧಾರವಾಡದಿಂದ ಡೊಂಬಿವಲಿಗೆ ಬಂದಿದ್ದಳು. ಬಂದ ಎರಡೇ ದಿನಕ್ಕೆ ಉರಿಮೂತ್ರ. ಇಲ್ಲಿನ ಡಾಕ್ಟರು ಟ್ರೈಮೆಥೋಪ್ರಿಮ್ ಇರುವ ಗುಳಿಗೆ ಬರೆದುಕೊಟ್ಟರು. ಉರಿ ಇಳಿಯಿತು. ಆದರೆ ಐದನೇ ದಿನದ ರಕ್ತದ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ 1.0 ಇದ್ದದ್ದು 1.3 ಆಗಿತ್ತು! ಅಪ್ಪನನ್ನು ಕಿಡ್ನಿ ಕಾಯಿಲೆಗೇ ಕಳೆದುಕೊಂಡ ಮನೆ ನಮ್ಮದು. "ನಿಮ್ಮಪ್ಪಗ ಆದಂಗ ನನಗೂ ಆಗತದೇನೋ?" ಅಂದಳು ಅವ್ವ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮರುದಿನ ಡಾಕ್ಟರು ರಿಪೋರ್ಟು ನೋಡಿ, "ಯೂರಿಯಾ, ಪೊಟ್ಯಾಸಿಯಮ್ ಸರಿ ಇವೆ. ಕಿಡ್ನಿ ಕೆಟ್ಟಂತಿಲ್ಲ, ಬಾಗಿಲಲ್ಲಿ ಗದ್ದಲ ಅಷ್ಟೆ. ವಾರ ಬಿಟ್ಟು ಮತ್ತೆ ನೋಡೋಣ" ಅಂದರು.

ಯಾವ ಬಾಗಿಲು? ಮನೆಗೆ ಬಂದು ಓದುತ್ತಾ ಕೂತೆ.

ಕಿಡ್ನಿ ಅಂದರೆ ಬರೀ ಸೋಸುವ ಜರಡಿ ಅಂದುಕೊಂಡಿದ್ದೆ. ಜರಡಿಯಾಚೆಗಿನ ಸಣ್ಣ ನಳಿಕೆಗಳ ಜೀವಕೋಶಗಳೂ ರಕ್ತದಿಂದ ಕೆಲವು ಪದಾರ್ಥಗಳನ್ನು ಎಳೆದು ಮೂತ್ರಕ್ಕೆ ಹಾಕುತ್ತವಂತೆ. ವಿದ್ಯುದಂಶವಿರುವ ಅಣುಗಳು ಕೋಶದ ಜಿಡ್ಡಿನ ಪೊರೆಯನ್ನು ತಾವಾಗಿ ದಾಟುವುದು ಕಷ್ಟ. ಪ್ರೋಟೀನಿನ ಬಾಗಿಲು ಬೇಕು. ನಮ್ಮ ಲೋಕಲ್ಲಿನಲ್ಲಿ ಈ ಕಡೆಯಿಂದ ಹತ್ತಿ ಆ ಕಡೆಯಿಂದ ಇಳಿಯುತ್ತೇವಲ್ಲ, ಹಾಗೆ. ಧನ ವಿದ್ಯುದಂಶದವು ರಕ್ತದ ಕಡೆ 'ಓಸಿಟಿ2' ಎಂಬ ಬಾಗಿಲಿಂದ ಹತ್ತುತ್ತವೆ. ಕೋಶದೊಳಗಿನ ಋಣ ವಿದ್ಯುತ್ತೇ ಅವನ್ನು ಎಳೆದುಕೊಳ್ಳುತ್ತದೆ. ಇಳಿಯುವುದು 'ಮೇಟ್' ಬಾಗಿಲಿಂದ: ಒಂದು ಹೈಡ್ರೋಜನ್ ಅಯಾನು ಒಳಗೆ, ಅದರ ಬದಲು ಒಂದು ಅಣು ಹೊರಗೆ.

ಋಣದವಕ್ಕೆ ಬೇರೆ ಬಾಗಿಲು, 'ಓಎಟಿ'. ಪೆನಿಸಿಲಿನ್ ಬೇಗ ಹೊರಬೀಳುವುದು ಅದರಿಂದಲೇ. 1941ರಲ್ಲಿ ಆಕ್ಸ್‌ಫರ್ಡಿನಲ್ಲಿ ಔಷಧ ಸಾಲದೆ, ರೋಗಿಯ ಮೂತ್ರದಿಂದಲೇ ಪೆನಿಸಿಲಿನ್ ಮರಳಿ ತೆಗೆದು ಬಳಸಿದ್ದರು! ಆ ಬಾಗಿಲಿಗೆ ಅಡ್ಡ ನಿಲ್ಲುವ ಪ್ರೊಬೆನೆಸಿಡ್ ಆಮೇಲೆ ಬಂತು.

ಕ್ರಿಯಾಟಿನಿನ್ ಬಹುಪಾಲು ಸೋಸಿಯೇ ಹೋಗುತ್ತದೆ. ಸ್ವಲ್ಪ ಭಾಗ ಮಾತ್ರ ಧನದ ಬಾಗಿಲಿಂದ. ಅಲ್ಲಿ ಟ್ರೈಮೆಥೋಪ್ರಿಮ್ ಅಡ್ಡ ನಿಂತಿತ್ತು. ಅಷ್ಟು ಕ್ರಿಯಾಟಿನಿನ್ ಪ್ಲಾಟ್‌ಫಾರ್ಮಿನಲ್ಲೇ, ಅಂದರೆ ರಕ್ತದಲ್ಲೇ, ಉಳಿಯಿತು. ಗುಳಿಗೆ ಮುಗಿದು ವಾರಕ್ಕೆ ಮತ್ತೆ 1.0.

ಆದರೆ ನನ್ನನ್ನು ಚುಚ್ಚಿದ್ದು ಬೇರೆ. ಧಾರವಾಡದ ಡಾಕ್ಟರು ಕೊಟ್ಟ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಕೂಡ ಇದೇ ಬಾಗಿಲಿಂದ ಹೊರಗೆ ಹೋಗುವುದು. ಅದನ್ನು ಇಲ್ಲಿನ ಡಾಕ್ಟರಿಗೆ ನಾನು ಹೇಳಿಯೇ ಇರಲಿಲ್ಲ.

ನಮ್ಮಂಥವರ ಅಪ್ಪ-ಅವ್ವಂದಿರಿಗೆ ಎರಡು ಊರು, ಇಬ್ಬರು ಡಾಕ್ಟರು. ಗುಳಿಗೆಗಳಿಗೆ ಬಾಗಿಲು ಮಾತ್ರ ಒಂದೇ. ಕ್ರಿಯಾಟಿನಿನ್ ಏರಿದಾಗೆಲ್ಲ ಇಷ್ಟು ಸಲೀಸು ಕಾರಣ ಇರುವುದಿಲ್ಲ, ನಿರ್ಲಕ್ಷ್ಯ ಬೇಡ. ಅವ್ವನ ಎಲ್ಲ ಗುಳಿಗೆಗಳ ಹೆಸರು ಬರೆದ ಚೀಟಿ ಈಗ ಅವಳ ಪರ್ಸಿನಲ್ಲಿದೆ. ನೀವೂ ಒಂದು ಬರೆದಿಡಿ.