ಗಾಳಿಗೆ ದಸರಾ ರಜೆ ಗೊತ್ತಿಲ್ಲ

ಮೇಷ್ಟ್ರ ಪಾಲಿಗೆ ವರ್ಷದಲ್ಲಿ ಎರಡೇ ಋತು. ಒಂದು ಬೇಸಗೆ ರಜೆ, ಇನ್ನೊಂದು ದಸರಾ ರಜೆ. ಮದುವೆ, ಮುಂಜಿ, ಕಾಶಿಯಾತ್ರೆ, ಹಲ್ಲು ಕೀಳಿಸುವುದು, ಮಾಡಿನ ಹಂಚು ಕೈಯಾಡಿಸುವುದು, ಎಲ್ಲವೂ ಇವೆರಡರೊಳಗೇ ಮುಗಿಯಬೇಕು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ನನಗೆ ಇದು ಎಷ್ಟು ರೂಢಿಯಾಗಿತ್ತೆಂದರೆ, ಜರ್ಮನಿಯಲ್ಲಿರುವ ಮಗ ಫೋನು ಮಾಡಿ, "ಅಪ್ಪ, ಈ ಸಲ ನೀನೂ ಆಯಿಯೂ ಗ್ರೀಸಿಗೆ ಬನ್ನಿ. ನಾನು ವಿಂಡ್‌ಸರ್ಫಿಂಗ್ ಮಾಡೋದನ್ನ ಒಮ್ಮೆ ನೋಡಿ" ಎಂದಾಗ, ಹಿಂದೆ ಮುಂದೆ ನೋಡದೆ "ಅಕ್ಟೋಬರಿನಲ್ಲಿ ಬರ್ತೇವೆ" ಎಂದುಬಿಟ್ಟೆ. ಇದು 2022ರ ಮಾತು.

"ಜುಲೈ ಆಗೋದಿಲ್ವಾ?" ಎಂದ.

"ಜುಲೈಯಲ್ಲಿ ಶಾಲೆ ಅಲ್ವೇನೋ?"

ಅವನು ಮತ್ತೆ ಕೇಳಲಿಲ್ಲ. ಮರುಮಾತಾಡದಿರುವುದು ಅವನಿಗೆ ಹಳೆಯ ಅಭ್ಯಾಸ. ಹೈಸ್ಕೂಲಿನಲ್ಲಿ ಅವನು ನನ್ನ ವಿದ್ಯಾರ್ಥಿಯೂ ಆಗಿದ್ದ; ನನ್ನನ್ನು ಪ್ರಶ್ನೆ ಕೇಳುವ ಹುಡುಗರು ಬೇರೆ ಬೆಂಚಿನಲ್ಲಿ ಕೂರುತ್ತಿದ್ದರು.

ಈ ಆಟದ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ನೀರಿನ ಮೇಲೆ ತೇಲುವ ಉದ್ದನೆಯ ಹಲಗೆ. ಅದರ ನಡುವೆ ಎಲ್ಲ ದಿಕ್ಕಿಗೂ ಬಾಗುವ ಕೀಲು. ಕೀಲಿನ ಮೇಲೆ ಕಂಬ, ಕಂಬಕ್ಕೆ ಹಾಯಿ. ಕೈಯಲ್ಲಿ ಹಿಡಿದು ತಿರುಗಿಸುವ ಚುಕ್ಕಾಣಿ ಇಲ್ಲ. ಹಾಯಿಯನ್ನು ಮುಂದಕ್ಕೆ ಬಾಗಿಸಿದರೆ ಹಲಗೆ ಗಾಳಿಯಿಂದ ದೂರ ತಿರುಗುತ್ತದೆ, ಹಿಂದಕ್ಕೆ ಬಾಗಿಸಿದರೆ ಗಾಳಿಯ ಕಡೆಗೆ. 1968ರಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ಇದಕ್ಕೆ ಪೇಟೆಂಟ್ ಕೇಳಿದರು. 1984ರಲ್ಲಿ ಇದು ಒಲಿಂಪಿಕ್ಸ್ ಸೇರಿತು. ಗಾಳಿ ಸುಮಾರು 12ರಿಂದ 15 ನಾಟ್, ಅಂದರೆ ಗಂಟೆಗೆ 22ರಿಂದ 28 ಕಿ.ಮೀ. ದಾಟಿದಾಗ ಹಲಗೆ ನೀರನ್ನು ಸೀಳುವುದು ಬಿಟ್ಟು ನೀರಿನ ಮೇಲೆ ಜಾರತೊಡಗುತ್ತದೆ. ಆಟದ ರುಚಿ ಇರುವುದೇ ಅಲ್ಲಿ ಎಂದು ಮಗ ಹೇಳುತ್ತಿದ್ದ.

ಹೊರಡುವ ಮುಂಚೆ ನಾನೂ ಸುಮ್ಮನೆ ಕೂತಿರಲಿಲ್ಲ. ಪಾರೋಸ್ ದ್ವೀಪದ ತಿಂಗಳವಾರು ಗಾಳಿಯ ಸರಾಸರಿ ಹುಡುಕಿ ನೋಡಿದೆ. ಜುಲೈಗೂ ಅಕ್ಟೋಬರಿಗೂ ಅಂಥ ದೊಡ್ಡ ವ್ಯತ್ಯಾಸ ನನ್ನ ಕಣ್ಣಿಗೆ ಬೀಳಲಿಲ್ಲ. "ನಿನ್ನ ಜುಲೈ ಏನು ಮಹಾ" ಎಂದು ಅಂಕಿ ಸಮೇತ ಅವನಿಗೆ ಹೇಳಿಯೂ ಹೇಳಿದೆ.

ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಿಂದ ಹಡಗು ಹತ್ತಿ ಪಾರೋಸ್ ತಲುಪಿದೆವು. ಮೊದಲ ದಿನ ದಕ್ಷಿಣದಿಂದ ಮಳೆ ಸಮೇತ 30 ನಾಟ್ ಬಿರುಗಾಳಿ, ಯಾರೂ ನೀರಿಗಿಳಿಯಲಿಲ್ಲ. ಉಳಿದ ಐದು ದಿನ 6 ನಾಟ್. ಲೆಕ್ಕ ಹಾಕಿ ನೋಡಿ: ಆರು ದಿನದ ಸರಾಸರಿ 10 ನಾಟ್. ನನ್ನ ಕೋಷ್ಟಕ ಸುಳ್ಳಾಗಲಿಲ್ಲ. ಮಗನಿಗೆ ಆಡಲು ಸಿಕ್ಕಿದ ದಿನಗಳು ಮಾತ್ರ ಸೊನ್ನೆ. ತರಗತಿಯಲ್ಲಿ ಅರ್ಧ ಹುಡುಗರಿಗೆ 90, ಅರ್ಧ ಹುಡುಗರಿಗೆ 10 ಅಂಕ ಬಂದರೆ ಸರಾಸರಿ 50. ಐವತ್ತು ತೆಗೆದವನು ಒಬ್ಬನೂ ಇರುವುದಿಲ್ಲ. ವರ್ಷಕ್ಕೆ ಮೂರು ಸಲ ಅಂಕಪಟ್ಟಿ ಬರೆಯುವ ನನಗೆ ಇದು ಹೊಳೆಯಬೇಡವೇ? ಸಾಲದ್ದಕ್ಕೆ, ಹಾಯಿಯ ಮೇಲೆ ಬೀಳುವ ಬಲ ಗಾಳಿಯ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 18 ನಾಟ್ ಗಾಳಿಗಿಂತ 6 ನಾಟ್ ಗಾಳಿಯ ಬಲ ಮೂರರಲ್ಲೊಂದಲ್ಲ, ಒಂಬತ್ತರಲ್ಲೊಂದು. ಪರವೂರಿಗೆ ಗಾಳಿ ಹುಡುಕಿಕೊಂಡು ಹೋಗುವವರು ಸರಾಸರಿ ಕೇಳಬಾರದು. ಹತ್ತು ದಿನದಲ್ಲಿ ಎಷ್ಟು ದಿನ ಬೀಸುತ್ತದೆ, ಯಾವ ದಿಕ್ಕಿನಿಂದ ಬೀಸುತ್ತದೆ ಎಂದು ಕೇಳಬೇಕು. ವರ್ಷದಲ್ಲಿ ಸಿಗುವ ರಜೆಯಲ್ಲಿ ಒಂದು ವಾರ ಮಗ ನಮಗಾಗಿ ತೆಗೆದಿಟ್ಟಿದ್ದ. ದಡದಲ್ಲಿ ಕೂತು ಕನ್ನಡಿಯಂಥ ನೀರು ನೋಡುತ್ತಿದ್ದ ಅವನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಾಗಿತ್ತು.

ಮೂರನೆಯ ದಿನ ಅವನೇ ಎದ್ದು ಅಗಲವಾದ ಹಲಗೆಯೊಂದನ್ನು ಬಾಡಿಗೆಗೆ ತಂದ. "ಅಪ್ಪ, ನೀನು ಹತ್ತು. ಕಲಿಯೋರಿಗೆ ಇದೇ ಗಾಳಿ ಬೇಕು."

ನೀರು ಬೆಚ್ಚಗಿತ್ತು. ಬೇಸಗೆಯಿಡೀ ಹೀರಿದ ಬಿಸಿಯನ್ನು ಸಮುದ್ರ ಅಷ್ಟು ಬೇಗ ಬಿಟ್ಟುಕೊಡುವುದಿಲ್ಲ. ಅಕ್ಟೋಬರಿನಲ್ಲೂ ಅಲ್ಲಿನ ನೀರು 22 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ನಮ್ಮ ಇನ್ನೊಂದು ರಜೆಯಾದ ಏಪ್ರಿಲಿನಲ್ಲಿ ಹೋದರೆ ಬಿಸಿಲೇನೋ ಇರುತ್ತದೆ, ನೀರು ಮಾತ್ರ ಚಳಿಗಾಲದಲ್ಲೇ ಇರುತ್ತದೆ, 16–17 ಡಿಗ್ರಿ. ವಿಶಿಷ್ಟ ಉಷ್ಣದ ಪಾಠ ಮಾಡುವಾಗ ಇದನ್ನು ಎಷ್ಟೋ ಸಲ ಹೇಳಿದ್ದೇನೆ, ಸೊಂಟದ ಮಟ್ಟ ಇಳಿದು ನಿಂತದ್ದು ಅದೇ ಮೊದಲು.

ಹಲಗೆಯ ಮೇಲೆ ನಿಂತು, ನೀರಿನಲ್ಲಿ ಮಲಗಿದ ಹಾಯಿಯನ್ನು ಹಗ್ಗದಿಂದ ಮೇಲೆತ್ತಬೇಕು. ಎತ್ತಿದೆ, ಬಿದ್ದೆ. ನನ್ನವಳು ದಡದಲ್ಲಿ ಕೂತು ಎಣಿಸುತ್ತಿದ್ದಳು, ಹದಿನಾಲ್ಕು ಸಲವಂತೆ. ಮಗ ನೀರಿನಲ್ಲಿ ನಿಂತು ಹಲಗೆಯ ಹಿಂಬದಿ ಹಿಡಿದಿದ್ದ. "ಮೊಣಕಾಲು ಸ್ವಲ್ಪ ಬಗ್ಗಿಸು ಅಪ್ಪ. ತೋಳಿನಿಂದ ಎಳೀಬೇಡ, ಮೈಭಾರ ಕೊಡು." ಒಮ್ಮೆಯೂ ದನಿ ಏರಿಸಲಿಲ್ಲ. ಅವನಿಗೆ ಸೈಕಲ್ ಕಲಿಸುವಾಗ ಇಡೀ ಕೇರಿಗೆ ಕೇಳುವಂತೆ ನಾನು ಕೂಗಾಡಿದ್ದು ನೆನಪಾಯಿತು. ಕೊನೆಯ ದಿನ ನಲವತ್ತು ಮೀಟರ್ ಹೋದೆ. ತಿರುಗಿಸಿಕೊಂಡು ಬರಲು ಗೊತ್ತಾಗದೆ ಅಲ್ಲೇ ಕೂತೆ. ಅವನೇ ಈಜಿ ಬಂದು ತಿರುಗಿಸಿದ.

ಊರಿಗೆ ಬಂದ ಮೇಲೆ, ಮಾಡಬೇಕಾಗಿದ್ದ ಓದನ್ನು ತಡವಾಗಿ ಮಾಡಿದೆ. ಏಜಿಯನ್ ಸಮುದ್ರದ ಬೇಸಗೆಯ ಗಾಳಿಗೆ ಮೆಲ್ಟೆಮಿ ಎಂದು ಹೆಸರು. ಜೂನ್ ಕೊನೆಗೆ ಕಾಲೂರಿ, ಜುಲೈ–ಆಗಸ್ಟಿನಲ್ಲಿ ಜೋರಾಗಿ, ಸೆಪ್ಟೆಂಬರಿನಲ್ಲಿ ಇಳಿಯುತ್ತದೆ. ಪ್ರಾಚೀನ ಗ್ರೀಕರು ಇದನ್ನು ಎತೀಸಿಯನ್, ಅಂದರೆ ವರ್ಷವರ್ಷ ಬರುವ ಗಾಳಿ, ಎನ್ನುತ್ತಿದ್ದರು. ಅರಿಸ್ಟಾಟಲನೂ ಇದರ ಬಗ್ಗೆ ಬರೆದಿದ್ದಾನೆ. ನಮ್ಮ ಮಾನ್ಸೂನಿನ ಹೆಸರೂ ಋತು ಎಂಬರ್ಥದ ಅರಬ್ಬೀ ಮಾತಿನಿಂದಲೇ ಬಂದದ್ದು. ನೆಂಟಸ್ತಿಕೆ ಬರೀ ಹೆಸರಿನದಲ್ಲ. ನಮ್ಮ ಮುಂಗಾರನ್ನು ಎಳೆದು ತರುವ ಕಡಿಮೆ ಒತ್ತಡದ ಪ್ರದೇಶ ವಾಯವ್ಯ ಭಾರತದಿಂದ ಇರಾನಿನ ಮೇಲೆ ಹಾದು ಟರ್ಕಿಯವರೆಗೂ ಚಾಚಿಕೊಂಡಿರುತ್ತದೆ. ಆಚೆ ಬಾಲ್ಕನ್ ನಾಡುಗಳ ಮೇಲೆ ಹೆಚ್ಚಿನ ಒತ್ತಡ. ಎರಡರ ನಡುವೆ ಉತ್ತರದಿಂದ ಬೀಸಿ ಬರುವುದೇ ಮೆಲ್ಟೆಮಿ. ಪಾರೋಸ್ ಮತ್ತು ನಾಕ್ಸೋಸ್ ದ್ವೀಪಗಳ ನಡುವಿನ ಕಿರಿದಾದ ಜಲಸಂಧಿಯಲ್ಲಿ ನುಗ್ಗುವಾಗ ಅದರ ವೇಗ ಇನ್ನೂ ಹೆಚ್ಚುತ್ತದೆ. ಅಂದರೆ, ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಮೀನುಗಾರಿಕೆ ನಿಲ್ಲಿಸಿ ದಡ ಸೇರುವ ಹೊತ್ತಿಗೇ ಅಲ್ಲಿ ಹಾಯಿಗಳು ನೀರಿಗಿಳಿಯುತ್ತವೆ. ಹೊನ್ನಾವರದ ಕಡೆಯ ನನಗೆ, ಜುಲೈಯಲ್ಲಿ ಕಡಲಿಗೆ ಇಳಿಯುವವನು ಬುದ್ಧಿ ಕೆಟ್ಟವನು ಎಂದೇ ಹುಟ್ಟಿದಾಗಿನಿಂದ ಗೊತ್ತು. ಅಕ್ಟೋಬರ್ ಎಂದು ಒದರಿದ್ದರಲ್ಲಿ ಈ ಭಯದ ಪಾಲೂ ಇತ್ತೇನೋ.

2024ರ ಜುಲೈಯಲ್ಲಿ, ನನ್ನ ಸರ್ವಿಸಿನಲ್ಲೇ ಮೊದಲ ಸಲ, ಶಾಲೆ ನಡೆಯುತ್ತಿರುವಾಗ ಹನ್ನೆರಡು ದಿನ ಗಳಿಕೆ ರಜೆ ಹಾಕಿದೆ. ಹತ್ತನೆಯ ತರಗತಿಯ ಒಂದು ಪಾಠವನ್ನು ಸಹೋದ್ಯೋಗಿಗೆ ಒಪ್ಪಿಸಿದೆ. ಹಿಂದೆ ಹೀಗೆ ರಜೆ ಹಾಕಿದವರಿಗೆ ನಾನೇ ಉಪದೇಶ ಮಾಡಿದ್ದರಿಂದ, ಅವರು ನಕ್ಕದ್ದನ್ನು ಸಹಿಸಿಕೊಂಡೆ. ರೂಮಿನ ಬಾಡಿಗೆ ಅಕ್ಟೋಬರಿನ ದುಪ್ಪಟ್ಟು. ನನ್ನವಳು ನಂಬಲಾರದೆ ಎರಡು ಸಲ ಕೇಳಿದಳು.

ಆದರೆ ಗಾಳಿ ಬಂತು. ಏಳು ದಿನದಲ್ಲಿ ಆರು ದಿನ ಬಂತು. ಬೆಳಗ್ಗೆ ಹತ್ತಕ್ಕೆ ಶುರುವಾಗಿ ಮಧ್ಯಾಹ್ನಕ್ಕೆ ಮರಳು ಕಾಲಿಗೆ ಸೂಜಿಯಂತೆ ಚುಚ್ಚುತ್ತಿತ್ತು. ನನ್ನವಳು ಸೆರಗನ್ನು ಸೊಂಟಕ್ಕೆ ಬಿಗಿದು ಗೋಡೆಯ ಮರೆಗೆ ಕೂತಳು. ಮಗ ಹಾಯಿ ಹಿಡಿದು ಹೊರಟವನು ನಾಕ್ಸೋಸ್ ಕಡೆಗೆ ಚುಕ್ಕಿಯಾದ. ನಾನು ಕನ್ನಡಕ ಒರೆಸುವಷ್ಟರಲ್ಲಿ ನಮ್ಮೆದುರೇ ನೀರು ಹಾರಿಸುತ್ತ ಹಾದುಹೋದ. ಮೈಯನ್ನು ನೀರಿಗೆ ತಾಗುವಂತೆ ವಾಲಿಸಿ ನಗುತ್ತಿದ್ದ. ಅವನು ಹಾಗೆ ಬಾಯ್ತುಂಬ ನಕ್ಕದ್ದನ್ನು ನಾನು ತರಗತಿಯಲ್ಲಿ ಕಂಡಿರಲಿಲ್ಲ, ಮನೆಯಲ್ಲೂ ಅಪರೂಪ.

ಐದನೆಯ ದಿನ 30 ನಾಟ್ ದಾಟಿತು. ಅವನೇ ಹಲಗೆ ಒಳಗಿಟ್ಟು "ಇವತ್ತು ಬೇಡ" ಎಂದ. ಅವನ ಆಯಿಯ ಅರ್ಧ ಹೆದರಿಕೆ ಅಂದೇ ಇಳಿಯಿತು. ಮರುದಿನ ಸ್ವಲ್ಪ ತಗ್ಗಿದಾಗ ನಾನು ಹುಮ್ಮಸ್ಸಿನಿಂದ ಅಗಲ ಹಲಗೆ ಕೇಳಿದೆ.

"ಇದು ನಿನ್ನ ಗಾಳಿ ಅಲ್ಲ ಅಪ್ಪ" ಎಂದ.

"ನಲವತ್ತು ಮೀಟರ್ ಹೋದವನು ನಾನು."

"ಬೇಡ ಅಂದೆನಲ್ಲ." ನನ್ನ ಮುಖ ನೋಡಿಯೇ ಹೇಳಿದ. ನಾನು ಮತ್ತೆ ಕೇಳಲಿಲ್ಲ.

ಈಗ ಮತ್ತೆ ಹೊರಡುವ ಮಾತು ಎದ್ದಿದೆ. ಈ ಸಲ ಅವನ ಲೆಕ್ಕ ಸೆಪ್ಟೆಂಬರಿನ ನಡುಭಾಗ. ಮೆಲ್ಟೆಮಿ ಇಳಿಮುಖವಾಗಿರುತ್ತದೆ, ಪೂರ್ತಿ ಹೋಗಿರುವುದಿಲ್ಲ. ನೀರು ಬೆಚ್ಚಗಿರುತ್ತದೆ, ಬಾಡಿಗೆಯೂ ತುಸು ಕಡಿಮೆ. "ಬೆಳಗ್ಗಿನ ಗಾಳಿ ನಿನಗೆ, ಮಧ್ಯಾಹ್ನದ್ದು ನನಗೆ" ಎಂದಿದ್ದಾನೆ. ಸೆಪ್ಟೆಂಬರ್ ಎಂದರೆ ಶಾಲೆಯಲ್ಲಿ ಅರ್ಧವಾರ್ಷಿಕ ಪರೀಕ್ಷೆಯ ಗಡಿಬಿಡಿ. ರಜೆಯ ಅರ್ಜಿ ಬರೆದಿಟ್ಟಿದ್ದೇನೆ, ಕಾರಣದ ಜಾಗ ಮಾತ್ರ ಖಾಲಿಯಿದೆ. 'ಗಾಳಿ' ಎಂದು ಬರೆದರೆ ಆಡಳಿತ ಮಂಡಳಿಯವರು ಏನು ತಿಳಿದುಕೊಂಡಾರೋ!